ಸಕ್ಕರೆಯ ಲೆಕ್ಕದ ಜೊತೆಗೆ ಇಡಬೇಕಾದ ಇನ್ನೊಂದು ಲೆಕ್ಕ

(ಟ್ರಸ್ಟ್‌ನ ವಾರ್ಷಿಕ ಮಹಾಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಅತಿಥಿ ವೈದ್ಯರು ಮಾಡಿದ ಭಾಷಣದ ಬರಹರೂಪ)





ವಿದ್ಯಾರ್ಥಿವೇತನದ ಸಭೆಯಲ್ಲಿ ವೈದ್ಯನಿಗೇನು ಕೆಲಸ ಎಂದು ನಿಮಗೆ ಅನ್ನಿಸಬಹುದು. ಆದರೆ ಮಕ್ಕಳ ಓದು ಅರ್ಧಕ್ಕೆ ನಿಲ್ಲುವುದು ಅವರಿಗೆ ಬುದ್ಧಿ ಕಡಿಮೆಯಾಗಿ ಅಲ್ಲ. ಎಷ್ಟೋ ಸಲ ಮನೆಯಲ್ಲಿ ದುಡಿಯುವವರ ಕೈಕಾಲು ಸೋತು ಓದು ನಿಲ್ಲುತ್ತದೆ. ಹಾಗೆ ಸೋಲಿಸುವ ಕಾಯಿಲೆಗಳಲ್ಲಿ ಸಕ್ಕರೆ ಕಾಯಿಲೆ ಮುಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಈ ಸಭಾಂಗಣದಲ್ಲಿಯೂ ಅದು ಇಲ್ಲದ ಮನೆ ಕಡಿಮೆಯೇ ಇರಬಹುದು.

ಸಕ್ಕರೆ ಕಡಿಮೆ ತಿನ್ನಿ, ದಿನಾ ನಡೆಯಿರಿ ಎಂಬ ಮಾತನ್ನು ನೀವು ಬಹಳ ಸಲ ಕೇಳಿದ್ದೀರಿ. ನಾನು ಇಂದು ಬೇರೆ ಒಂದು ವಿಷಯ ಹೇಳುತ್ತೇನೆ. ನಾವು ರಕ್ತದಲ್ಲಿ ಸಕ್ಕರೆ ಎಷ್ಟು ಎಂದು ಮಾತ್ರ ನೋಡುತ್ತೇವೆ. ಆದರೆ ಈ ಕಾಯಿಲೆ, ಮತ್ತು ಅದಕ್ಕಾಗಿ ನುಂಗುವ ಮಾತ್ರೆ, ವರ್ಷಗಳು ಕಳೆದಂತೆ ದೇಹದ ಜೀವಸತ್ವ ಮತ್ತು ಲವಣಗಳ ಪ್ರಮಾಣವನ್ನೂ ಏರುಪೇರು ಮಾಡುತ್ತವೆ. ಕೆಲವು ಕಡಿಮೆಯಾಗುತ್ತವೆ, ಕೆಲವು ಹೆಚ್ಚಾಗುತ್ತವೆ. ಕಡಿಮೆಯಾದದ್ದನ್ನು ತುಂಬಬೇಕು, ಹೆಚ್ಚಾದದ್ದನ್ನು ತಡೆಯಬೇಕು. ಯಾವುದು ಕಡಿಮೆ, ಯಾವುದು ಹೆಚ್ಚು ಎಂಬುದು ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ.

ಮೊದಲು ವಿಟಮಿನ್ ಬಿ12. ನಮ್ಮ ನರಗಳ ಮೇಲಿನ ಹೊದಿಕೆ ಸರಿಯಾಗಿರಲು ಮತ್ತು ರಕ್ತಕಣಗಳು ಹುಟ್ಟಲು ಇದು ಬೇಕು. ಸಕ್ಕರೆ ಕಾಯಿಲೆಗೆ ಹೆಚ್ಚಿನ ವೈದ್ಯರು ಮೊದಲು ಬರೆಯುವ ಮಾತ್ರೆ ಮೆಟ್‌ಫಾರ್ಮಿನ್. 1957ರಿಂದ ಬಳಕೆಯಲ್ಲಿರುವ, ಬಡವರ ಕೈಗೆ ಎಟುಕುವ ಒಳ್ಳೆಯ ಔಷಧ. ನಾನೂ ದಿನವೂ ಬರೆಯುತ್ತೇನೆ. ಆದರೆ ಬಹಳ ವರ್ಷ ತೆಗೆದುಕೊಂಡರೆ ಇದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಬಿ12 ಹೀರಿಕೆಯಾಗುವುದನ್ನು ತಗ್ಗಿಸುತ್ತದೆ. ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ 1971ರಲ್ಲಿಯೇ ಇದರ ವರದಿ ಬಂದಿತ್ತು. ನೆದರ್‌ಲ್ಯಾಂಡ್ಸ್‌ನಲ್ಲಿ 390 ರೋಗಿಗಳನ್ನು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅದರಲ್ಲಿ ಮೆಟ್‌ಫಾರ್ಮಿನ್ ತೆಗೆದುಕೊಂಡವರ ಬಿ12 ಪ್ರಮಾಣ, ಬರೀ ಹುಸಿ ಮಾತ್ರೆ ತೆಗೆದುಕೊಂಡವರಿಗಿಂತ ಸುಮಾರು 19 ಶೇಕಡಾ ಇಳಿದಿತ್ತು. ವರ್ಷ ಹೆಚ್ಚಿದಂತೆ ಇಳಿಕೆಯೂ ಹೆಚ್ಚಿತು.

ಬಿ12 ಕಡಿಮೆಯಾದರೆ ಏನಾಗುತ್ತದೆ? ಪಾದದಲ್ಲಿ ಜೋಮು, ಉರಿ, ಸೂಜಿ ಚುಚ್ಚಿದ ಹಾಗೆ. ಸುಸ್ತು. ನಾಲಿಗೆ ನುಣ್ಣಗಾಗಿ ಉರಿಯುವುದು. ಮರೆವು. ಕತ್ತಲೆಯಲ್ಲಿ ನಡೆಯುವಾಗ ತೂರಾಡುವುದು. ವುಝೂ ಮಾಡುವಾಗ ಕಣ್ಣು ಮುಚ್ಚಿ ಮುಖ ತೊಳೆದರೆ ಬಿದ್ದೇಬಿಡುತ್ತೇನೆ ಎಂದು ಅನ್ನಿಸುವುದು. ಇದರಲ್ಲಿ ಕಾಲಿನ ಜೋಮು ಮತ್ತು ಉರಿ ಸಕ್ಕರೆಯಿಂದಲೂ ಬರುತ್ತವೆ. ಇಲ್ಲಿಯೇ ತೊಂದರೆ. ರೋಗಿಯೂ ಮನೆಯವರೂ, ಕೆಲವೊಮ್ಮೆ ನಾವು ವೈದ್ಯರೂ, ‘ಇದು ಸಕ್ಕರೆಯ ಜೋಮು, ಇನ್ನು ಹೀಗೆಯೇ’ ಎಂದು ಸುಮ್ಮನಾಗುತ್ತೇವೆ. ಸಕ್ಕರೆಯಿಂದ ಹಾಳಾದ ನರವನ್ನು ಸರಿಪಡಿಸುವುದು ಕಷ್ಟ. ಬಿ12 ಕೊರತೆಯಿಂದ ಆದದ್ದನ್ನು ಬೇಗ ಹಿಡಿದರೆ ಬಹಳ ಮಟ್ಟಿಗೆ ಸರಿಪಡಿಸಬಹುದು. ತಡವಾದರೆ ಅದೂ ಕಾಯಂ ಆಗುತ್ತದೆ. ಒಬ್ಬರಲ್ಲಿಯೇ ಎರಡೂ ಇರಬಹುದು. ಆಗಲೂ ಒಂದನ್ನಾದರೂ ತೆಗೆದು ಹಾಕಿದಂತಾಗುತ್ತದೆ.

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ತಂದೆ ಆಟೋ ಓಡಿಸುತ್ತಾರೆ. ಹತ್ತು ವರ್ಷದಿಂದ ಸಕ್ಕರೆ ಮಾತ್ರೆ. ಪಾದ ಮರಗಟ್ಟಿ ಬ್ರೇಕ್ ಎಲ್ಲಿದೆ ಎಂದು ಕಾಲಿಗೆ ತಿಳಿಯುವುದಿಲ್ಲ. ಮೊದಲು ರಾತ್ರಿ ಬಾಡಿಗೆ ಬಿಡುತ್ತಾರೆ, ಆಮೇಲೆ ಆಟೋವನ್ನೇ ಬಿಡುತ್ತಾರೆ. ಪಿಯುಸಿ ಮುಗಿಸಿದ ಮಗ ಅಂಗಡಿಗೆ ಸೇರುತ್ತಾನೆ. ಟ್ರಸ್ಟ್ ಕಾಲೇಜಿನ ಫೀಸು ಕೊಟ್ಟರೂ ಮನೆಯ ಅಕ್ಕಿಯ ಹಣ ಎಲ್ಲಿಂದ ಬರಬೇಕು? ಆ ಜೋಮಿಗೆ ಕಾರಣ ಬಿ12 ಕೊರತೆಯೇ ಆಗಿದ್ದರೆ, ಒಂದು ರಕ್ತ ಪರೀಕ್ಷೆ ಮತ್ತು ಕೆಲವು ತಿಂಗಳ ಚುಚ್ಚುಮದ್ದು ಅಥವಾ ಮಾತ್ರೆ ಆ ಮನೆಯ ದಾರಿಯನ್ನೇ ಬದಲಿಸಬಹುದಿತ್ತು.

ನಮ್ಮ ಸಮುದಾಯದಲ್ಲಿ ಒಂದು ಭರವಸೆ ಇದೆ. ‘ನಾವು ಮೀನು ಮಾಂಸ ತಿನ್ನುವವರು, ಬಿ12 ಕೊರತೆ ಸಸ್ಯಾಹಾರಿಗಳಿಗೆ ಬರುವುದು’ ಎಂದು. ಬಿ12 ಪ್ರಾಣಿಜನ್ಯ ಆಹಾರದಲ್ಲಿ ಇರುವುದು ನಿಜ. ಮಾಂಸ, ಮೊಟ್ಟೆ, ಹಾಲು, ಮೊಸರಿನಲ್ಲಿದೆ. ನಮ್ಮ ಬೂತಾಯಿ, ಬಂಗುಡೆಯಲ್ಲಿ ಧಾರಾಳವಾಗಿದೆ. ಆದರೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರ ತೊಂದರೆ ತಟ್ಟೆಯಲ್ಲಿ ಇಲ್ಲ, ಕರುಳಿನಲ್ಲಿ ಇದೆ. ತಿಂದದ್ದು ಪೂರ್ತಿ ಒಳಗೆ ಸೇರುವುದಿಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು. ಎಷ್ಟೋ ಮನೆಗಳಲ್ಲಿ ತಾಯಿ ಎಲ್ಲರಿಗೂ ಬಡಿಸಿ ಕೊನೆಗೆ ಸಾರು ಅನ್ನ ಉಣ್ಣುತ್ತಾಳೆ. ಮೀನಿನ ತುಂಡು ಅವಳ ತಟ್ಟೆಗೆ ಬರುವುದಿಲ್ಲ. ಹಾಗಾಗಿ ಮನೆಯಲ್ಲಿ ಮೀನು ಬೇಯುತ್ತದೆ ಎಂಬುದಷ್ಟೇ ಸಾಕ್ಷಿಯಾಗದು.

ಬಿ12 ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಕಾಗುವಷ್ಟು ಸಂಗ್ರಹವಾಗಿರುತ್ತದೆ. ಆದ್ದರಿಂದ ಕೊರತೆ ನಿಧಾನವಾಗಿ ಬರುತ್ತದೆ. ಮೆಟ್‌ಫಾರ್ಮಿನ್ ಆರಂಭಿಸಿ ನಾಲ್ಕೈದು ವರ್ಷ ಕಳೆದವರು, ಮತ್ತು ಕಾಲು ಜೋಮು ಅಥವಾ ರಕ್ತಹೀನತೆ ಇರುವ ಯಾರೇ ಆಗಲಿ, ಬಿ12 ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಆಗಾಗ ಈ ಪರೀಕ್ಷೆ ಮಾಡಿಸಬೇಕೆಂದು ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿಯೂ ಹೇಳುತ್ತದೆ. ಚೀಟಿಯಲ್ಲಿ ಕಂಪನಿಯ ಹೆಸರಷ್ಟೇ ಇರಬಹುದು. ಮಾತ್ರೆಯ ಪಟ್ಟಿಯ ಹಿಂಬದಿ ನೋಡಿ. ಸಣ್ಣ ಅಕ್ಷರದಲ್ಲಿ ಮೆಟ್‌ಫಾರ್ಮಿನ್ ಎಂದಿರುತ್ತದೆ. ಗ್ಲಿಮಿಪಿರೈಡ್‌ನಂಥ ಬೇರೆ ಔಷಧದ ಜೊತೆ ಸೇರಿಸಿದ ಮಾತ್ರೆಗಳಲ್ಲಿಯೂ ಅದು ಇರುತ್ತದೆ.

ಇಲ್ಲಿ ಮೂರು ಎಚ್ಚರಿಕೆ. ಒಂದು, ನನ್ನ ಮಾತು ಕೇಳಿ ಯಾರೂ ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ. ಕೊರತೆಯನ್ನು ತುಂಬಿಕೊಂಡು ಮಾತ್ರೆ ಮುಂದುವರಿಸಬಹುದು. ಎರಡು, ರಕ್ತ ಕೊಟ್ಟ ಮೇಲೆ ಬಿ12 ಮಾತ್ರೆ ಆರಂಭಿಸಿ. ಮೊದಲೇ ನುಂಗಿದರೆ ಪರೀಕ್ಷೆಯ ಅಂಕಿ ಚೆನ್ನಾಗಿ ಕಂಡು ನಿಜ ಮರೆಯಾಗುತ್ತದೆ. ಮೂರು, ರಕ್ತಹೀನತೆ ಎಂದು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನಷ್ಟೇ ತಿನ್ನಬೇಡಿ. ಫೋಲಿಕ್ ಆಮ್ಲದಿಂದ ರಕ್ತ ಸುಧಾರಿಸಿದಂತೆ ಕಂಡರೂ, ಬಿ12 ಕೊರತೆ ಇದ್ದರೆ ಒಳಗೆ ನರ ಹಾಳಾಗುತ್ತಲೇ ಇರುತ್ತದೆ.

ರಕ್ತಹೀನತೆಯ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ನಿಮಗೆ ಗೊತ್ತು. ಅದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು ಅಳೆಯುತ್ತದೆ. ಆ ಕಣದ ಆಯುಸ್ಸು ಸುಮಾರು 120 ದಿನ. ಕಬ್ಬಿಣ ಅಥವಾ ಬಿ12 ಕೊರತೆ ಇದ್ದರೆ ಈ ಅಂಕಿ ಇರುವುದಕ್ಕಿಂತ ಹೆಚ್ಚು ಕಾಣಬಹುದು. ಇತ್ತೀಚೆಗೆ ರಕ್ತಸ್ರಾವವಾಗಿದ್ದರೆ ಕಡಿಮೆ ಕಾಣಬಹುದು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹೆಣ್ಣುಮಕ್ಕಳಲ್ಲಿ ಇದು ಮುಖ್ಯ. ಮನೆಯ ಯಂತ್ರದ ಅಂಕಿಗೂ ಈ ಪರೀಕ್ಷೆಗೂ ತಾಳೆಯಾಗದಿದ್ದರೆ, ‘ಗುಟ್ಟಾಗಿ ಸಿಹಿ ತಿಂದೆಯಾ’ ಎಂದು ಗದರಿಸುವ ಮೊದಲು ಹಿಮೋಗ್ಲೋಬಿನ್ ನೋಡಿಸಿ.

ಮುಂದಿನದು ಮೆಗ್ನೀಸಿಯಂ. ರಕ್ತದಲ್ಲಿ ಸಕ್ಕರೆ ಏರಿದಾಗ ಮೂತ್ರ ಹೆಚ್ಚು ಹೋಗುತ್ತದೆ. ಅದರ ಜೊತೆ ಮೆಗ್ನೀಸಿಯಂ ಕೂಡ ಹೋಗುತ್ತದೆ. ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ಬೆಳಿಗ್ಗೆ ನುಂಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮಾತ್ರೆಗಳೂ ಇದನ್ನು ಇಳಿಸಬಹುದು. ಬಿ12 ಅನ್ನೂ ಇಳಿಸಬಹುದು. ಹಾಗಾಗಿ ಆ ಮಾತ್ರೆ ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಿ. ಮೂತ್ರಪಿಂಡ ಚೆನ್ನಾಗಿರುವವರಿಗೆ ರಾಗಿ, ಹೆಸರುಕಾಳು, ಕಡಲೆ, ಶೇಂಗಾ, ಹರಿವೆ, ನುಗ್ಗೆಸೊಪ್ಪು ಸಾಕು. ಇದಕ್ಕೆ ಡಬ್ಬಿಯ ಪುಡಿ ಬೇಕಿಲ್ಲ.

‘ಮೂತ್ರಪಿಂಡ ಚೆನ್ನಾಗಿರುವವರಿಗೆ’ ಎಂದು ಬೇಕೆಂದೇ ಹೇಳಿದೆ. ಸಕ್ಕರೆ ಮತ್ತು ಬಿಪಿ ಎರಡೂ ಕಿಡ್ನಿಯನ್ನು ಸವೆಸುತ್ತವೆ. ಕಿಡ್ನಿ ಸೋತಾಗ ಪೊಟ್ಯಾಸಿಯಂ ಹೊರಗೆ ಹೋಗದೆ ರಕ್ತದಲ್ಲಿ ನಿಲ್ಲುತ್ತದೆ. ಅದು ಸಾಮಾನ್ಯವಾಗಿ 3.5ರಿಂದ 5ರ ಒಳಗೆ ಇರಬೇಕು. ಬಹಳ ಏರಿದರೆ ಹೃದಯದ ಬಡಿತವೇ ತಪ್ಪಿ ಜೀವ ಹೋಗಬಹುದು, ಮುನ್ಸೂಚನೆಯೂ ಇಲ್ಲದೆ. ಬಿಪಿಗೆ ಮತ್ತು ಕಿಡ್ನಿಯ ರಕ್ಷಣೆಗೆ ಕೊಡುವ ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಒಳ್ಳೆಯ ಮಾತ್ರೆಗಳೂ ಪೊಟ್ಯಾಸಿಯಂ ಸ್ವಲ್ಪ ಏರಿಸುತ್ತವೆ. ಆದ್ದರಿಂದ ಅವುಗಳ ಜೊತೆಗೆ ರಕ್ತ ಪರೀಕ್ಷೆ ಬೇಕು.

ಆರೋಗ್ಯವಂತರಿಗೆ ಒಳ್ಳೆಯದೆಂದು ಹೊಗಳುವ ಬೊಂಡದ ನೀರು, ಬಾಳೆಹಣ್ಣು, ಖರ್ಜೂರ, ಸೊಪ್ಪಿನ ರಸ, ಇವೆಲ್ಲ ಪೊಟ್ಯಾಸಿಯಂ ತುಂಬಿದವು. ಬಿಪಿಗೆ ಒಳ್ಳೆಯದೆಂದು ಮಾರುವ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಕಿಡ್ನಿ ಕಾಯಿಲೆಯವರಿಗೆ ಅದು ಅಪಾಯ. ನಮ್ಮ ಹಿತ್ತಲಿನ ದಾರೆಹುಳಿ, ಅಂದರೆ ಐದು ಮೂಲೆಯ ನಕ್ಷತ್ರದಂಥ ಹಣ್ಣು, ಅವರಿಗೆ ಒಂದು ಹೋಳೂ ಬೇಡ. ಅದರಲ್ಲಿರುವ ವಿಷಾಂಶವನ್ನು ಸೋತ ಕಿಡ್ನಿ ಹೊರಹಾಕಲಾರದು. ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬರಬಹುದು. ಅತಿಥಿ ಸತ್ಕಾರ ನಮ್ಮ ಗುಣ. ಆದರೆ ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ನೋಡಲು ಹೋಗುವಾಗ ಬೊಂಡ, ಹಣ್ಣಿನ ಬುಟ್ಟಿ ಒಯ್ಯಬೇಡಿ. ಮನೆಯವರನ್ನು ಕೇಳಿ ಒಯ್ಯಿರಿ. ಪೊಟ್ಯಾಸಿಯಂ ಹೆಚ್ಚಿರುವವರ ಮನೆಯಲ್ಲಿ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಪಲ್ಯ ಮಾಡಬೇಕು.

ಇನ್ನು ವಿಟಮಿನ್ ಡಿ. ಇದರ ಕೊರತೆ ನಮ್ಮಲ್ಲಿ ವ್ಯಾಪಕ. ಮನೆಯೊಳಗೇ ಹೆಚ್ಚು ಹೊತ್ತು ಇರುವವರಿಗೆ, ಮೈ ಪೂರ್ತಿ ಮುಚ್ಚುವವರಿಗೆ ಇನ್ನೂ ಹೆಚ್ಚು. ಹಿತ್ತಲಿನಲ್ಲೋ ತಾರಸಿಯಲ್ಲೋ ಕೈ ಕಾಲಿಗೆ ಬಿಸಿಲು ಬೀಳುವಂತೆ ಕುಳಿತುಕೊಳ್ಳಲು ಹೆಣ್ಣುಮಕ್ಕಳಿಗೆ ಮರೆ ಇರುವ ಜಾಗ ಮಾಡಿಕೊಡಿ. ಎಲುಬಿಗೆ ಇದು ಬೇಕು. ಆದರೆ ವಿಟಮಿನ್ ಡಿ ತಿಂದರೆ ಸಕ್ಕರೆ ಕಾಯಿಲೆಯೇ ಬರುವುದಿಲ್ಲ ಎಂದು ಮಾರುವವರನ್ನು ನಂಬಬೇಡಿ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 2,423 ಜನರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ದಿನಕ್ಕೆ 4,000 ಯೂನಿಟ್ ಕೊಟ್ಟರೂ ಗಮನಾರ್ಹ ಲಾಭ ಕಾಣಲಿಲ್ಲ. ವಾರಕ್ಕೊಂದರಂತೆ ಕೊಡುವ 60,000 ಯೂನಿಟ್‌ನ ಪೊಟ್ಟಣವನ್ನು ವೈದ್ಯರು ಹೇಳಿದಷ್ಟು ವಾರ ಮಾತ್ರ ತೆಗೆದುಕೊಳ್ಳಿ. ಇದು ಕೊಬ್ಬಿನಲ್ಲಿ ಉಳಿಯುವ ವಿಟಮಿನ್. ತಿಂಗಳುಗಟ್ಟಲೆ ದಿನಾ ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟಾಗುತ್ತದೆ.

ರಮಝಾನ್ ಬಗ್ಗೆ ಎರಡು ಮಾತು. ಉಪವಾಸ ಹಿಡಿಯಲು ಬಯಸುವ ಸಕ್ಕರೆ ರೋಗಿಗಳು ಆರರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಾಣಬೇಕು. ಮಾತ್ರೆಯ ಹೊತ್ತು ಮತ್ತು ಪ್ರಮಾಣ ಬದಲಿಸಲು, ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಲು ಆಗ ಸಮಯ ಸಿಗುತ್ತದೆ. ಕಿಡ್ನಿ ಕಾಯಿಲೆ ಇರುವವರು ಇಫ್ತಾರಿನಲ್ಲಿ ಎಷ್ಟು ಖರ್ಜೂರ, ಯಾವ ಹಣ್ಣಿನ ರಸ ಎಂಬುದನ್ನೂ ಕೇಳಿಕೊಳ್ಳಲಿ. ಕಾಯಿಲೆಯವರಿಗೆ ಧರ್ಮವೇ ರಿಯಾಯಿತಿ ಕೊಟ್ಟಿದೆ. ಅದನ್ನು ಬಳಸುವುದರಲ್ಲಿ ಸಂಕೋಚ ಬೇಡ.

ಈಗ ದಾನಿಗಳಲ್ಲಿ ಒಂದು ವಿನಂತಿ. ಆರೋಗ್ಯ ಶಿಬಿರಗಳಲ್ಲಿ ಟಾನಿಕ್ ಬಾಟಲಿ, ಮಲ್ಟಿ ವಿಟಮಿನ್ ಪಟ್ಟಿ ಹಂಚುವುದು ವಾಡಿಕೆ. ಎಲ್ಲರಿಗೂ ಏನಾದರೂ ಸಿಕ್ಕಿತು ಎಂಬ ಸಮಾಧಾನ ಅದರಿಂದ ಸಿಗುತ್ತದೆ. ಆದರೆ ಬಿ12 ತೀರಾ ಇಳಿದವರಿಗೆ ಆ ಪಟ್ಟಿಯಲ್ಲಿರುವ ಸಣ್ಣ ಪ್ರಮಾಣ ಸಾಲದು, ಕೊರತೆ ಇಲ್ಲದವರಿಗೆ ಅದು ಬೇಕಿಲ್ಲ, ಕಿಡ್ನಿ ಕಾಯಿಲೆಯವರಿಗೆ ಕೆಲವು ಖನಿಜಗಳು ಹಾನಿಯೇ. ಅದೇ ಹಣದಲ್ಲಿ ಕಡಿಮೆ ಜನರಿಗೆ ಆದರೂ ಸರಿ, ಬೇಕಾದವರಿಗೆ ಹಿಮೋಗ್ಲೋಬಿನ್, ಬಿ12, ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ಟ್ರಸ್ಟ್‌ನವರಲ್ಲಿಯೂ ಒಂದು ಸಲಹೆ. ವಿದ್ಯಾರ್ಥಿವೇತನದ ಅರ್ಜಿಗಾಗಿ ಮನೆ ಭೇಟಿ ಮಾಡುವಾಗ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿ: ಮನೆಯಲ್ಲಿ ದುಡಿಯುವವರಿಗೆ ಸಕ್ಕರೆ ಕಾಯಿಲೆ ಇದೆಯೇ, ಕೊನೆಯ ಸಲ ರಕ್ತ ಪರೀಕ್ಷೆ ಯಾವಾಗ ಆಯಿತು? ಆ ಉತ್ತರಕ್ಕೂ ಮಗುವಿಗೆ ವೇತನ ಕೊಡುವುದಕ್ಕೂ ಸಂಬಂಧ ಇರಬಾರದು. ನೆರವು ಎಲ್ಲಿಗೆ ತಲುಪಬೇಕು ಎಂದು ತಿಳಿಯಲು ಅಷ್ಟೇ.

ತಂದೆ ತಾಯಂದಿರೇ, ಕಾಲು ಜೋಮು ಹಿಡಿದರೆ ಮುಚ್ಚಿಡಬೇಡಿ. ಮಕ್ಕಳ ಫೀಸಿಗೆಂದು ನಿಮ್ಮ ಪರೀಕ್ಷೆಯನ್ನು ಮುಂದೂಡಬೇಡಿ. ನೀವು ನಡೆದಾಡಿಕೊಂಡು ದುಡಿಯುವಷ್ಟು ದಿನ ಮಕ್ಕಳ ಓದಿಗೂ ಆಸರೆ.

ಮಕ್ಕಳೇ, ನಿಮಗೆ ಒಂದು ಕೆಲಸ. ಇವತ್ತು ಮನೆಗೆ ಹೋದ ಮೇಲೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಅಪ್ಪ, ಅಮ್ಮ, ಅಜ್ಜ, ಅಜ್ಜಿ ತಿನ್ನುವ ಪ್ರತಿ ಮಾತ್ರೆಯ ಹೆಸರು ಪಟ್ಟಿಯ ಹಿಂಬದಿಯಿಂದ ನೋಡಿ ಬರೆಯಿರಿ. ಯಾವ ವರ್ಷದಿಂದ ತಿನ್ನುತ್ತಿದ್ದಾರೆ ಎಂದು ಕೇಳಿ ಬರೆಯಿರಿ. ಕೊನೆಯ ರಕ್ತ ಪರೀಕ್ಷೆಯ ತಾರೀಖು ಮತ್ತು ಅಂಕಿಗಳನ್ನು ಬರೆಯಿರಿ. ಮುಂದಿನ ಸಲ ಆಸ್ಪತ್ರೆಗೆ ಅವರ ಜೊತೆ ಹೋಗಿ ಆ ಪುಟವನ್ನು ವೈದ್ಯರ ಮುಂದಿಡಿ. ಬಿ12 ಪರೀಕ್ಷೆ ಬೇಕೇ, ಪೊಟ್ಯಾಸಿಯಂ ಎಷ್ಟಿದೆ ಎಂದು ವಿನಯದಿಂದ ಕೇಳಿ. ಒಳ್ಳೆಯ ವೈದ್ಯರು ಅದಕ್ಕೆ ಬೇಸರಪಡುವುದಿಲ್ಲ. ನೀವು ಕಲಿತ ಅಕ್ಷರದ ಮೊದಲ ಫಲ ನಿಮ್ಮ ಮನೆಯವರಿಗೇ ಸಿಗಲಿ.

ಕೊಟ್ಟವರ ದಾನವನ್ನು, ಓದುವವರ ಶ್ರಮವನ್ನು ಅಲ್ಲಾಹನು ಸ್ವೀಕರಿಸಲಿ, ಕಾಯಿಲೆಯಲ್ಲಿರುವ ಎಲ್ಲರಿಗೂ ಗುಣ ನೀಡಲಿ. ಆಮೀನ್. ವಸ್ಸಲಾಮ್.