ಬದುವಿಗೆ ಹಾಕಿದ ಕಲ್ಲುಗಳು



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹೊಲಗಳಲ್ಲಿ ಉಳುವಾಗ ಅಡ್ಡ ಬಂದ ಕಲ್ಲನ್ನು ಆಯ್ದು ಬದುವಿಗೆ ಹಾಕುತ್ತಾರೆ. ಅವುಗಳಲ್ಲಿ ಹೆಚ್ಚಿನವು ಬೂದುಬಣ್ಣದ, ಪಟ್ಟೆಪಟ್ಟೆಯ ನೈಸ್ ಶಿಲೆ. ಮೈಸೂರು ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಅವರು 1916ರಲ್ಲಿ ಇದಕ್ಕೆ ‘ಪೆನಿನ್ಸುಲಾರ್ ನೈಸ್’ ಎಂದು ಹೆಸರಿಟ್ಟರು. ಈ ಬೂದುಕಲ್ಲಿನ ನಡುವೆ ಒಂದು ಹಸಿರು, ನೀಲಿ ಅಥವಾ ಕೆಂಪು ತುಣುಕು ಹೊಳೆದಾಗ ಕೈ ತಾನಾಗಿ ಬಾಗುತ್ತದೆ. ಇಂದು ನಾನು ಮಾತನಾಡುವುದು ಅಂಥ ಕಲ್ಲುಗಳ ಬಗ್ಗೆ.

ಇವುಗಳಲ್ಲಿ ಹಲವು ನೈಸ್ ಶಿಲೆಯೊಳಗೆ ತುಂಡುತುಂಡಾಗಿ ಸಿಕ್ಕಿಕೊಂಡಿರುವ ಹಳೆಯ ಪದರಗಳಿಗೆ ಸೇರಿದವು. ಭೂವಿಜ್ಞಾನಿಗಳು ಅವನ್ನು ‘ಸರಗೂರು ಗುಂಪು’ ಎನ್ನುತ್ತಾರೆ. ನಮ್ಮ ಸರಗೂರೇ ಅದು! ವಯಸ್ಸು 300 ಕೋಟಿ ವರ್ಷ ದಾಟಿದೆ. ಅಂದಿನ ನೀರಿನ ತಳದಲ್ಲಿ ನೆಲೆಗೊಂಡ ಮರಳು, ಜೇಡಿ, ಸುಣ್ಣ, ಕಬ್ಬಿಣದ ಕೆಸರು ಹತ್ತಾರು ಕಿಲೋಮೀಟರ್ ಆಳಕ್ಕೆ ಇಳಿದು, ಕಾದು, ಅದುಮಿಸಿಕೊಂಡು ಬೇರೆಯೇ ಕಲ್ಲಾದವು. ಮೇಲಿನ ಬೆಟ್ಟಗಳು ಸವೆದು ಹೋದ ಮೇಲೆ ಇವು ಹೊಲದ ಮಟ್ಟಕ್ಕೆ ಬಂದಿವೆ.

ಜೇಡಿಯಿಂದ ಆದದ್ದು ಕಯನೈಟ್. ತಿಳಿನೀಲಿ ಬಣ್ಣ, ಸೋಗೆ ಗರಿಯಂತೆ ಚಪ್ಪಟೆಯಾಗಿ ಉದ್ದಕ್ಕೆ ಹರಡಿದ ಹರಳು. ಚಾಕುವಿನ ಮೊನೆಯನ್ನು ಹರಳಿನ ಉದ್ದಕ್ಕೆ ಎಳೆದರೆ ಗೀರು ಬೀಳುತ್ತದೆ, ಅಡ್ಡಕ್ಕೆ ಎಳೆದರೆ ಬೀಳುವುದಿಲ್ಲ. ಒಂದೇ ಹರಳಿಗೆ ಎರಡು ಗಡಸುತನ. ಈ ಪರೀಕ್ಷೆಗೆ ಪ್ರಯೋಗಾಲಯ ಬೇಡ.

ಹೆಚ್ಚು ಗೊಂದಲ ಆಗುವುದು ಕೆಂಪು ಕಲ್ಲಿನಲ್ಲಿ, ಮೋಸ ನಡೆಯುವುದೂ ಅಲ್ಲೇ. ಮೈಸೂರು ಸೀಮೆಯಲ್ಲಿ ಕುರಂದದ ಕಲ್ಲು ಹಿಂದಿನಿಂದಲೂ ಸಿಗುತ್ತದೆ. ಅದರಲ್ಲಿ ಕೆಂಪಾದದ್ದು ಮಾಣಿಕ್ಯದ ಜಾತಿ. ಆದರೆ ಹೊಲದಲ್ಲಿ ಕಾಣುವ ಕೆಂಪು ಹರಳುಗಳಲ್ಲಿ ಬಹುಪಾಲು ಗಾರ್ನೆಟ್. ಕುರಂದ ಆರು ಮೂಲೆಯ ಪೀಪಾಯಿ ಆಕಾರದಲ್ಲಿ ಬೆಳೆಯುತ್ತದೆ, ಗಾತ್ರಕ್ಕೆ ಮೀರಿದ ತೂಕ, ಬೆಣಚುಕಲ್ಲನ್ನು ಗೀರುತ್ತದೆ. ಗಾರ್ನೆಟ್ ಹಲವು ಮುಖಗಳ ಗುಂಡನೆಯ ಹರಳು. ಇದಕ್ಕಿಂತ ನಂಬಬಹುದಾದ ಸುಳಿವು ಜೊತೆಗಿರುವ ಕಲ್ಲು. ಅಲ್ಯೂಮಿನಿಯಂಗೆ ಸಿಲಿಕಾ ಸಿಕ್ಕರೆ ಅದು ಕಯನೈಟ್‌ನಂಥ ಖನಿಜವಾಗುತ್ತದೆ, ಸಿಲಿಕಾ ಸಾಲದೆ ಹೋದಲ್ಲಿ ಮಾತ್ರ ಕುರಂದ. ಬೆಣಚುಕಲ್ಲೆಂದರೆ ಸಿಲಿಕಾವೇ. ಹಾಗಾಗಿ ಬಿಳಿ ಬೆಣಚುಕಲ್ಲಿಗೆ ಅಂಟಿಕೊಂಡೇ ಬೆಳೆದ ಕೆಂಪು ಹರಳನ್ನು ಯಾರಾದರೂ ಮಾಣಿಕ್ಯ ಎಂದರೆ ನಂಬಬೇಡಿ.

ಮಾಣಿಕ್ಯಕ್ಕೆ ಕೆಂಪು ಕೊಡುವುದು ಕ್ರೋಮಿಯಂ. ಅದೇ ಕ್ರೋಮಿಯಂ ಅಭ್ರಕದೊಳಗೆ ಸೇರಿದರೆ ಹಸಿರು! ಮರಳಿನಿಂದ ಆದ ಕ್ವಾರ್ಟ್ಜೈಟ್‌ನಲ್ಲಿ ಈ ಹಸಿರು ಅಭ್ರಕ ಹರಡಿಕೊಂಡಾಗ ಸಿಗುವುದೇ ಫುಕ್ಸೈಟ್ ಕ್ವಾರ್ಟ್ಜೈಟ್. ಬೆಲೆಗೆ ಪಚ್ಚೆಯಲ್ಲ, ವಿಜ್ಞಾನಕ್ಕೆ ಪಚ್ಚೆಗಿಂತ ಮೇಲು. ಆ ಕಾಲದ ನೆಲದಲ್ಲಿ ಕ್ರೋಮಿಯಂ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಅದು ಎತ್ತುತ್ತದೆ.

ಅಯಸ್ಕಾಂತಕ್ಕೆ ಅಂಟುವ ಭಾರದ ಕಪ್ಪುಕಲ್ಲನ್ನು ಆಕಾಶದಿಂದ ಬಿದ್ದದ್ದು ಎನ್ನುವವರುಂಟು. ಕಪ್ಪು–ಬಿಳಿ ಪಟ್ಟೆ ಇದ್ದರೆ ಅದು ಮ್ಯಾಗ್ನಟೈಟ್ ಕ್ವಾರ್ಟ್ಜೈಟ್, ಮೈತುಂಬ ಗುಳ್ಳೆಯ ತೂತಿದ್ದರೆ ಬಹುಮಟ್ಟಿಗೆ ಹಿಂದಿನವರು ಕಬ್ಬಿಣ ಕರಗಿಸಿದಾಗ ಉಳಿದ ಕಿಟ್ಟ. ಪುಡಿಗೆ ನಿಂಬೆರಸ ಹಿಂಡಿದಾಗ ನೊರೆಯುವ ಗಂಟುಗಂಟಾದ ಬಿಳಿಕಲ್ಲು ಮಣ್ಣಿನಲ್ಲೇ ಕೂಡಿದ ಸುಣ್ಣಕಲ್ಲು, ಉಳಿದವುಗಳ ಮುಂದೆ ಅದು ನಿನ್ನೆಯದು.

ನನ್ನ ಬೇಡಿಕೆ ಒಂದೇ. ಕಲ್ಲನ್ನು ಒಡೆದು, ತೊಳೆದು ಪೇಟೆಗೆ ಒಯ್ಯುವ ಮೊದಲು ಅದು ಸಿಕ್ಕ ಜಾಗವನ್ನು ಬರೆದಿಡಿ. ಯಾವ ಸರ್ವೆ ನಂಬರ್, ಎಷ್ಟು ಅಡಿ ಆಳ, ಸುತ್ತ ಯಾವ ಕಲ್ಲಿತ್ತು, ಬಂಡೆಗೆ ಅಂಟಿಕೊಂಡಿತ್ತೋ ಬಿಡಿಯಾಗಿ ಮಣ್ಣಿನಲ್ಲಿತ್ತೋ. ಜಾಗ ಗೊತ್ತಿಲ್ಲದ ಕಲ್ಲನ್ನು ಮುಂದಿಟ್ಟರೆ ಖನಿಜದ ಹೆಸರು ಹೇಳಬಹುದು, ಹುಟ್ಟನ್ನು ಹೇಳುವುದು ಕಷ್ಟ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾದದ್ದು 1894ರಲ್ಲಿ, ರಾಬರ್ಟ್ ಬ್ರೂಸ್ ಫೂಟ್ ಮುಂದಾಳತ್ವದಲ್ಲಿ. ಅಂದಿನಿಂದ ಭೂವಿಜ್ಞಾನಿಗಳು ಇಲ್ಲಿ ನಕ್ಷೆ ಬರೆದಿದ್ದಾರೆ. ಆದರೂ ಬಾವಿ ತೋಡಿದಾಗ, ಜೆಸಿಬಿ ತಂದು ಹೊಲ ಮಟ್ಟ ಮಾಡಿಸಿದಾಗ ಹೊರಬೀಳುವ ಪದರವನ್ನು ಮೊದಲು ಕಾಣುವವರು ಹೊಲದವರೇ. ಗಣಿಗಾರಿಕೆಯ ಹಕ್ಕು 1964ರ ಭೂಕಂದಾಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಸರ್ಕಾರದ್ದು. ಆದರೆ ನೋಡಿ ಬರೆದಿಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಕೈಮುಷ್ಟಿ ಗಾತ್ರದ ತುಣುಕನ್ನು ಜಾಗ ಬರೆದ ಚೀಟಿಯ ಜೊತೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗದವರಿಗೆ ತೋರಿಸಿ. ಕಲ್ಲಿನ ಒಂದು ಬದಿಯ ಮಣ್ಣನ್ನು ಹಾಗೇ ಬಿಟ್ಟಿರಿ.