ನಾಲ್ಕು ಗೋಡೆಯ ಆಟ, ಒಂದು ಗೇಟು

ನೇರಳೆ ಲೈನ್‌ನಲ್ಲಿ ನಿಂತ್ಕೊಂಡು ಕೇಳ್ತಿರೋರಿಗೆ, ಟಿನ್ ಫ್ಯಾಕ್ಟರಿ ಹತ್ರ ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ಎಪಿಸೋಡ್ ನಿಮ್ಮಲ್ಲಿ ಹೆಚ್ಚಿನವರು ಆಡೇ ಇರದ ಒಂದು ಆಟದಿಂದ ಶುರುವಾಗುತ್ತೆ: ರಾಕೆಟ್‌ಬಾಲ್.

ಸ್ಕ್ವಾಷ್ ಗೊತ್ತಲ್ವಾ, ಅದರ ಅಮೆರಿಕದ ದಾಯಾದಿ ಅನ್ಕೊಳ್ಳಿ. 1950ರಲ್ಲಿ ಜೋ ಸೋಬೆಕ್ ಅನ್ನೋರು ಶುರು ಮಾಡಿದ್ದು. ಮುಚ್ಚಿದ ಕೋಣೆ, ಗಿಡ್ಡ ರಾಕೆಟ್, ಜೋರಾಗಿ ಪುಟಿಯೋ ರಬ್ಬರ್ ಚೆಂಡು. ನಾಲ್ಕೂ ಗೋಡೆಗೆ ಹೊಡೀಬಹುದು, ಸೀಲಿಂಗ್‌ಗೂ ಹೊಡೀಬಹುದು. ಒಲಿಂಪಿಕ್ಸ್‌ನಲ್ಲಿ ಈ ಆಟ ಯಾವತ್ತೂ ಇರಲಿಲ್ಲ. ಆದರೆ ನಮಗೆ ಏಷ್ಯನ್ ಗೇಮ್ಸ್ ಹೇಗೋ, ಎರಡೂ ಅಮೆರಿಕ ಖಂಡಗಳಿಗೆ ಪ್ಯಾನ್ ಅಮೆರಿಕನ್ ಗೇಮ್ಸ್ ಹಾಗೆ. ಅಲ್ಲಿಗೆ ಇದು 1995ರಲ್ಲಿ ಬಂತು.

ಈಗ 2019ಕ್ಕೆ ಬನ್ನಿ, ಪೆರು ದೇಶದ ಲಿಮಾ. 1951ರಿಂದ ನಡೀತಿರೋ ಆ ಕೂಟದಲ್ಲಿ ಬೊಲಿವಿಯಾಗೆ ಅದುವರೆಗೆ ಒಂದೇ ಒಂದು ಚಿನ್ನ ಸಿಕ್ಕಿರಲಿಲ್ಲ. ಮೊದಲ ಚಿನ್ನ ಫುಟ್‌ಬಾಲ್‌ನಿಂದ ಬರಲಿಲ್ಲ, ಓಟದಿಂದಲೂ ಬರಲಿಲ್ಲ. ಪುರುಷರ ರಾಕೆಟ್‌ಬಾಲ್ ತಂಡ ತಂದುಕೊಟ್ಟಿತು. ಅಮೆರಿಕ, ಮೆಕ್ಸಿಕೋ ಥರದ ದೇಶಗಳು ಆಡೋ ಕೂಟದಲ್ಲಿ!

ಇದನ್ನ ಕೆ.ಆರ್. ಪುರದಲ್ಲಿ ಕೂತು ಯಾಕೆ ಹೇಳ್ತಿದ್ದೀನಿ? ನಮ್ಮ ಬೀದಿಯಲ್ಲಿ ಏಳನೇ ಕ್ಲಾಸ್ ಓದೋ ಒಬ್ಬಳು ಹುಡುಗಿ ಇದ್ದಾಳೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಸ್ಕ್ವಾಷ್ ಕ್ಲಿಪ್‌ಗಳನ್ನ ನೋಡಿ ‘ನಾನೂ ಇದನ್ನೇ ಕಲೀತೀನಿ’ ಅಂದ್ಲು. ಅವರಪ್ಪ ಆಟೋ ಓಡಿಸ್ತಾರೆ. ‘ಎಲ್ಲಿಗೆ ಸೇರಿಸ್ಬೇಕು, ವಸಿ ವಿಚಾರ್ಸಿ ಹೇಳಪ್ಪಾ’ ಅಂದ್ರು. ನಾನು ಕೆಲವು ಕಡೆ ಫೋನ್ ಮಾಡಿದೆ. ಒಂದು ಕಡೆ ಮೆಂಬರ್ ಆಗಿರಬೇಕು. ಇನ್ನೊಂದು ಕಡೆ ಆ ಅಪಾರ್ಟ್‌ಮೆಂಟ್‌ನಲ್ಲೇ ಮನೆ ಇರಬೇಕು. ಮತ್ತೊಂದು ಕಡೆ ಫೀಸ್ ಕೇಳಿ ನಾನೇ ಫೋನ್ ಇಟ್ಟೆ. ಅವಳು ಈಗ ಬ್ಯಾಡ್ಮಿಂಟನ್‌ಗೆ ಹೋಗ್ತಾಳೆ.

ನಾನು ಬಿ.ಕಾಂ. ಓದಿದವನು, ಲೆಕ್ಕ ಹಾಕದೆ ಇರಕ್ಕಾಗಲ್ಲ. ಬ್ಯಾಡ್ಮಿಂಟನ್ ಕೋರ್ಟ್ 44 ಅಡಿಗೆ 20 ಅಡಿ, ಅಂದ್ರೆ 880 ಚದರ ಅಡಿ. ನಾಲ್ಕು ಜನ ಆಡಿದ್ರೆ ತಲೆಗೆ 220. ಸ್ಕ್ವಾಷ್ ಕೋರ್ಟ್ 32ಕ್ಕೆ 21, ಅಂದ್ರೆ 672. ಆದರೆ ಸಾಮಾನ್ಯವಾಗಿ ಆಡೋದು ಇಬ್ಬರೇ, ತಲೆಗೆ 336. ರಾಕೆಟ್‌ಬಾಲ್ 40ಕ್ಕೆ 20, ಒಟ್ಟು 800. ಡಬಲ್ಸ್ ಆಡಿದ್ರೆ ತಲೆಗೆ 200 ಚದರ ಅಡಿ ಸಾಕು. ಜಾಗದ ಲೆಕ್ಕದಲ್ಲಿ ರಾಕೆಟ್‌ಬಾಲೇ ಅಗ್ಗ!

ಮತ್ತೆ ನಮ್ಮ ಏರಿಯಾದಲ್ಲಿ ಬ್ಯಾಡ್ಮಿಂಟನ್ ಶೆಡ್‌ಗಳು ಮಾತ್ರ ಯಾಕೆ ಎದ್ವು? ಶೆಡ್ ಅಂದ್ರೆ ಮೇಲೆ ಶೀಟು, ಕೆಳಗೆ ಮ್ಯಾಟು. ಬಿಸಿನೆಸ್ ನಡೀಲಿಲ್ಲ ಅಂದ್ರೆ ಮುಂದಿನ ತಿಂಗಳು ಅದೇ ಗೋಡೌನ್. ಆದರೆ ಆಟಕ್ಕೆ ಅಂತಲೇ ಕಟ್ಟಿದ, ಇಪ್ಪತ್ತು ಅಡಿ ಎತ್ತರದ ಗಟ್ಟಿ ಗೋಡೆಗಳ ಕೋಣೆ ಬೇರೆ ಯಾವುದಕ್ಕೆ ಬರುತ್ತೆ? ಜಾಗದ ಮಾಲೀಕರು ಆ ರಿಸ್ಕ್ ತಗೊಳ್ಳಲ್ಲ. ಹಾಗಾಗಿ ಇಂಥ ಕೋಣೆ ಕಟ್ಟೋರು ಎರಡೇ ಥರ: ದುಡ್ಡಿರೋ ಕ್ಲಬ್‌ಗಳು, ಇಲ್ಲ ಸರ್ಕಾರ, ಫೆಡರೇಷನ್ ಥರದ ಸಂಸ್ಥೆಗಳು.

ನಮ್ಮ ಊರಲ್ಲಿ ಕ್ಲಬ್‌ಗಳೇ ಮೊದಲು ಬಂದ್ವು. 1809ರಲ್ಲಿ ದಂಡು ಬಂತು. 1868ರಲ್ಲಿ ಸೇನಾ ಅಧಿಕಾರಿಗಳ ಕ್ಲಬ್ ಆಯ್ತು, ಇವತ್ತಿನ ಬೆಂಗಳೂರು ಕ್ಲಬ್ ಅದೇ. ಶಿವಾಜಿನಗರ, ಹಲಸೂರಿನ ಜನ ಇಂಥ ಗೇಟಿನ ಒಳಗೆ ಹೋಗಿದ್ದು ಹೆಚ್ಚಾಗಿ ಕೆಲಸಕ್ಕೆ.

ಕೆಲಸಕ್ಕೆ ಹೋದವರಿಗೆ ಕೋರ್ಟ್ ಸಿಕ್ಕಿದ್ರೆ ಏನಾಗುತ್ತೆ ಅನ್ನೋದಕ್ಕೂ ಒಂದು ಕತೆ ಇದೆ. ಪೇಶಾವರದಲ್ಲಿ ಬ್ರಿಟಿಷ್ ಅಧಿಕಾರಿಗಳ ಕ್ಲಬ್‌ನ ನೌಕರನ ಮಗ ಹಾಶಿಂ ಖಾನ್. ಚಿಕ್ಕವಯಸ್ಸಲ್ಲಿ ಚೆಂಡು ಹೆಕ್ಕಿ ಕೊಡ್ತಿದ್ದ. ಸಾಹೇಬರು ಹೋದ ಮೇಲೆ ಖಾಲಿ ಕೋರ್ಟ್‌ನಲ್ಲಿ ಬರಿಗಾಲಲ್ಲಿ ಆಡ್ತಿದ್ದ. 1951ರಲ್ಲಿ ಬ್ರಿಟಿಷ್ ಓಪನ್ ಗೆದ್ದ. ಒಟ್ಟು ಏಳು ಸಲ ಗೆದ್ದ.

ನಮ್ಮ ಪ್ರಕಾಶ್ ಪಡುಕೋಣೆ ವಿಷಯಕ್ಕೆ ಬನ್ನಿ. ಆಡಿ ಬೆಳೆದದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲ್‌ನಲ್ಲಿ. ಮದುವೆ ಇಲ್ಲದ ದಿನ ಆಟ. 1978ರಲ್ಲಿ ಕಾಮನ್‌ವೆಲ್ತ್ ಚಿನ್ನ, 1980ರಲ್ಲಿ ಆಲ್ ಇಂಗ್ಲೆಂಡ್. ಸ್ಕ್ವಾಷ್‌ನಲ್ಲಿ ಜೋಶ್ನಾ ಚಿನ್ನಪ್ಪ ಇದ್ದಾರೆ. ಕೊಡಗಿನ ಮನೆತನ, ಆದರೆ ಆಟ ಬೆಳೆದದ್ದು ಚೆನ್ನೈನಲ್ಲಿ. ಸ್ಕ್ವಾಷ್ ಅಕಾಡೆಮಿ ಇರೋದು ಅಲ್ಲಿ. ಕೊಲ್ಕತ್ತಾದ ಸೌರವ್ ಘೋಷಾಲ್ ಕೂಡ ಅಲ್ಲಿಗೇ ಹೋಗಿ ಕಲಿತರು. 2023ರ ಸ್ಕ್ವಾಷ್ ವಿಶ್ವಕಪ್ಪನ್ನ ಚೆನ್ನೈನ ಒಂದು ಮಾಲ್ ಒಳಗೇ ಗಾಜಿನ ಕೋರ್ಟ್ ಹಾಕಿ ಆಡಿಸಿದ್ರು.

ಮೂರು ತಾರೀಖು ಹೇಳ್ತೀನಿ, ಎಲ್ಲಾ 2023ರ ಅಕ್ಟೋಬರ್. 8ಕ್ಕೆ ಹಾಂಗ್‌ಝೌ ಕೂಟ ಮುಗೀತು. ಸ್ಕ್ವಾಷ್‌ನಲ್ಲಿ ಭಾರತಕ್ಕೆ ಪುರುಷರ ತಂಡದ್ದು ಮತ್ತು ಮಿಶ್ರ ಡಬಲ್ಸ್‌ದು, ಎರಡು ಚಿನ್ನ. 9ಕ್ಕೆ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ ಮೆಟ್ರೋ ಓಡಿತು. 16ಕ್ಕೆ ಮುಂಬೈ ಸಭೆಯಲ್ಲಿ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸ್ಕ್ವಾಷ್ ಸೇರಿಸೋ ತೀರ್ಮಾನ ಆಯ್ತು. ಈಗ ಇಂದಿರಾನಗರಕ್ಕೆ ಹೋಗೋದು ಸುಲಭ ಆಯ್ತು. ಹೋದ ಮೇಲೆ ಒಳಗೆ ಬಿಡೋರು ಬೇಕಲ್ಲ?

ನನ್ನ ಬೇಡಿಕೆ ದೊಡ್ಡದಲ್ಲ. ನಾಲ್ಕು ಗೋಡೆ ಆಗಲಿಲ್ಲ ಅಂದ್ರೆ ಒಂದಾದ್ರೂ ಸರಿ. ನ್ಯೂಯಾರ್ಕ್‌ನ ಪಾರ್ಕ್‌ಗಳಲ್ಲಿ ಒಂದೇ ಕಾಂಕ್ರೀಟ್ ಗೋಡೆ ನಿಲ್ಲಿಸಿ ಹ್ಯಾಂಡ್‌ಬಾಲ್ ಆಡ್ತಾರೆ, ಟಿಕೆಟ್ಟೂ ಇಲ್ಲ, ಮೆಂಬರ್‌ಶಿಪ್ಪೂ ಇಲ್ಲ. ನಮ್ಮ ಪಾಲಿಕೆ ಮೈದಾನಗಳಲ್ಲಿ ಅಂಥ ಒಂದು ಗೋಡೆ ಎಬ್ಬಿಸಕ್ಕಾಗಲ್ವಾ? ಇರೋ ಕ್ಲಬ್‌ಗಳು ಕೋರ್ಟ್ ಖಾಲಿ ಬಿದ್ದಿರೋ ಮಧ್ಯಾಹ್ನ ಎರಡು ಗಂಟೆ ಸರ್ಕಾರಿ ಶಾಲೆ ಮಕ್ಕಳಿಗೆ ಬಿಟ್ರೆ ಏನು ಕಳ್ಕೊಳ್ತಾರೆ?

ನಿಮಗೊಂದು ಕೆಲಸ. ಹಲಸೂರಿಂದ ಕೆ.ಆರ್. ಪುರದವರೆಗೆ, ಮೆಂಬರ್ ಅಲ್ಲದವರನ್ನೂ ಬಿಡೋ ಸ್ಕ್ವಾಷ್ ಕೋರ್ಟ್ ಎಲ್ಲಿದೆ, ಗಂಟೆಗೆ ಎಷ್ಟು, ವಾಯ್ಸ್ ನೋಟ್ ಕಳಿಸಿ. ಲಿಸ್ಟ್ ಮಾಡಿ ಮುಂದಿನ ಎಪಿಸೋಡ್‌ನಲ್ಲಿ ಓದ್ತೀನಿ. ಮೊದಲ ಕಾಪಿ ಆ ಆಟೋ ಅಣ್ಣನಿಗೆ. ಸಿಗೋಣ.