ಗ್ರಂಥಾಲಯದಿಂದ ಕೋಡಿಂಗ್‌ಗೆ: ಮೊದಲು ಏನು ಕಲಿಯಬೇಕು?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಪುಸ್ತಕದ ಕೆಲಸ ಬಿಟ್ಟು ಕಂಪ್ಯೂಟರಿನ ಕೆಲಸಕ್ಕೆ ಹೋದವಳು ಎಂದು ಸಂಘಟಕರು ನನ್ನನ್ನು ಪರಿಚಯಿಸಿದರು. ಅದರ ಬಗ್ಗೆಯೇ ಮಾತಾಡು ಎಂದು ಗುರುಗಳೂ ಹೇಳಿದ್ದಾರೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯಿಂದ ಧಾರವಾಡಕ್ಕೆ ಹೋಗಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ಓದಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಕಾಯಂ ಹುದ್ದೆ ಸಿಕ್ಕವರು ಕಡಿಮೆ. ನಾನೂ ಎಂಟು ವರ್ಷ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಗ್ರಂಥಪಾಲಕಿಯಾಗಿದ್ದೆ. ಬೇಸಿಗೆ ರಜೆ ಬಂದರೆ ಪಗಾರ ಇಲ್ಲ. 34ನೆಯ ವಯಸ್ಸಿನಲ್ಲಿ ಪ್ರೋಗ್ರಾಮಿಂಗ್ ಕಲಿಯಲು ಕೂತೆ.

ಈಗ ನನಗೆ ಫೋನ್ ಮಾಡುವ ತಮ್ಮಂದಿರು, ತಂಗಿಯರು ಕೇಳುವ ಪ್ರಶ್ನೆ ಒಂದೇ. "ಅಕ್ಕಾರ, ಪೈಥಾನ್ ಕಲೀಲೇನ್ರಿ, ಜಾವಾ ಕಲೀಲೇನ್ರಿ?"

ನಮ್ಮಪ್ಪ ಮೊದಲು ಬೀಜ ಕೊಂಡು ತಂದು ಆಮೇಲೆ ಹೊಲ ಹುಡುಕಿದವರಲ್ಲ. ನವಲಗುಂದದ ಎರೆ ಹೊಲದಲ್ಲಿ ಕಡಲೆ ಬಿತ್ತುತ್ತಾರೆ, ಕಲಘಟಗಿಯ ಮಳೆಗೆ ಭತ್ತ ಹಾಕುತ್ತಾರೆ. ಜಿಲ್ಲೆ ಒಂದೇ ಆದರೂ ಬೀಜ ಬೇರೆ. ಹಾಗೆಯೇ ಗ್ರಂಥಪಾಲಕರು ಮೊದಲು ತಮ್ಮ ಕೈಯಲ್ಲಿ ಯಾವ ಕೆಲಸ ಇದೆ ಎಂದು ನೋಡಬೇಕು. ಆ ಕೆಲಸ ಯಾವ ಕೌಶಲ ಕೇಳುತ್ತದೆಯೋ ಅದನ್ನೇ ಮೊದಲು ಕಲಿಯಬೇಕು. ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ.

ನಮಗೆ ಏನೂ ಬರುವುದಿಲ್ಲ ಎಂಬ ಅಂಜಿಕೆ ಮೊದಲು ಬಿಡಿ. ಅಕ್ಸೆಷನ್ ರಿಜಿಸ್ಟರ್ ಬರೆದವರಿಗೆ ಡೇಟಾ ಎಂದರೆ ಏನೆಂದು ಗೊತ್ತು. ಮಾರ್ಕ್ ಪದ್ಧತಿಯಲ್ಲಿ ಶೀರ್ಷಿಕೆ 245ರಲ್ಲಿ, ಮುಖ್ಯ ಲೇಖಕರ ಹೆಸರು 100ರಲ್ಲಿ ಎಂದು ನಾವು ಬಾಯಿಪಾಠ ಮಾಡಿದ್ದೇವೆ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಅದನ್ನು ರೂಪಿಸಿದ ಹೆನ್ರಿಯೆಟ್ ಆವ್ರಾಮ್ ಮೂಲತಃ ಪ್ರೋಗ್ರಾಮರ್. ನಮ್ಮ ಎಸ್. ಆರ್. ರಂಗನಾಥನ್ ಗಣಿತದ ಮೇಷ್ಟ್ರಾಗಿದ್ದವರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಈ ಎರಡು ಕಸುಬುಗಳ ನಡುವೆ ಓಡಾಟ ಹೊಸದಲ್ಲ. ಅವರು ಆ ಕಡೆಯಿಂದ ಈ ಕಡೆ ಬಂದರು, ನಾವು ಈ ಕಡೆಯಿಂದ ಆ ಕಡೆ ಹೋಗುತ್ತಿದ್ದೇವೆ.

ಈಗ ಕೆಲಸಕ್ಕೆ ಬರುತ್ತೇನೆ. ಒಂದು ಗ್ರಂಥಾಲಯದ ಪಟ್ಟಿಯಲ್ಲಿ "ದ. ರಾ. ಬೇಂದ್ರೆ" ಎಂದಿರುತ್ತದೆ. ಇನ್ನೊಂದು ಸಾಲಿನಲ್ಲಿ "ಬೇಂದ್ರೆ ದ.ರಾ.", ಮತ್ತೊಂದರಲ್ಲಿ "ಅಂಬಿಕಾತನಯದತ್ತ". ನಮಗೆ ಮೂವರೂ ಒಬ್ಬರೇ, ಸಾಧನಕೇರಿಯ ಅಜ್ಜ. ಕಂಪ್ಯೂಟರಿಗೆ ಮೂವರು ಬೇರೆ ಬೇರೆ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿಯನ್ನು ಯೂನಿಕೋಡಿಗೆ ತರದಿದ್ದರೆ ಹೆಸರು ಕನ್ನಡವಾಗಿಯೇ ಕಾಣುವುದಿಲ್ಲ. ಇನ್ನು ಅಕಾರಾದಿ ಜೋಡಣೆ. ನಮ್ಮ ವರ್ಣಮಾಲೆಯಲ್ಲಿ "ಳ" ಬರುವುದು "ಹ" ಆದ ಮೇಲೆ. ಯೂನಿಕೋಡ್ ಪಟ್ಟಿಯಲ್ಲಿ ಅದು "ಲ" ಆದ ಕೂಡಲೇ ಬರುತ್ತದೆ. ಹಾಗಾಗಿ ಬರೀ ಯೂನಿಕೋಡ್ ಸಂಖ್ಯೆಯ ಪ್ರಕಾರ ಜೋಡಿಸಿದರೆ "ಕಳಸ" ಮೊದಲು, "ಕವನ" ಆಮೇಲೆ. ನಿಘಂಟಿನಲ್ಲಿ ಇದು ತಿರುಗುಮುರುಗು. ಇಂಥ ದೋಷ ಒಳ್ಳೆಯ ಪ್ರೋಗ್ರಾಮರ್ ಕಣ್ಣಿಗೂ ಬೀಳದೆ ಹೋಗಬಹುದು, ಗ್ರಂಥಪಾಲಕರ ಕಣ್ಣಿಗೆ ಬಿದ್ದೇ ಬೀಳುತ್ತದೆ. ನಮ್ಮ ಬಂಡವಾಳ ಅದೇ.

ಇದನ್ನು ಸರಿಮಾಡಲು ಬೇಕಾದ ಕೌಶಲಗಳನ್ನು ನಾನು ಕಲಿತ ಕ್ರಮದಲ್ಲಿ ಹೇಳುತ್ತೇನೆ.

ಮೊದಲನೆಯದು, ಪಟ್ಟಿ ಸ್ವಚ್ಛ ಮಾಡುವುದು. ಸ್ಪ್ರೆಡ್‌ಶೀಟ್ ಚೆನ್ನಾಗಿ ಕಲಿಯಿರಿ. ಆಮೇಲೆ ಓಪನ್‌ರಿಫೈನ್ ಎಂಬ ಉಚಿತ ತಂತ್ರಾಂಶ. ಒಂದೇ ಹೆಸರಿನ ಬೇರೆ ಬೇರೆ ಬರವಣಿಗೆಗಳನ್ನು ಅದು ಗುಂಪು ಮಾಡಿ ಮುಂದಿಡುತ್ತದೆ, ಕೂಡಿಸಬೇಕೋ ಬೇಡವೋ ಎಂದು ನಾವು ತೀರ್ಮಾನಿಸಬೇಕು. ಬೇಂದ್ರೆ ಮತ್ತು ಅಂಬಿಕಾತನಯದತ್ತ ಒಬ್ಬರೇ ಎಂದು ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ಇದರ ಜೊತೆಗೇ ರೆಗ್ಯುಲರ್ ಎಕ್ಸ್‌ಪ್ರೆಶನ್ ಕಲಿಯಿರಿ. ಸಾವಿರಾರು ಸಾಲುಗಳಲ್ಲಿ ನಾಲ್ಕಂಕಿಯ ಇಸವಿ ಎಲ್ಲಿದೆ ಎಂದು ಒಂದೇ ಸಲಕ್ಕೆ ಹುಡುಕುವ ವಿಧಾನ ಅದು.

ಎರಡನೆಯದು ಎಸ್‌ಕ್ಯೂಎಲ್. ಕೋಹಾ ತಂತ್ರಾಂಶದ ಹೆಸರು ನೀವು ಕೇಳಿರಬಹುದು. ನ್ಯೂಜಿಲೆಂಡಿನ ಒಂದು ಸಣ್ಣ ಗ್ರಂಥಾಲಯ ಸಂಸ್ಥೆಗಾಗಿ ತಯಾರಾಗಿ 2000ದ ಜನವರಿಯಲ್ಲಿ ಬಳಕೆಗೆ ಬಂತು. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಕಾಣಿಕೆ. ಅದರೊಳಗೆ ವರದಿ ತೆಗೆಯುವುದು ಎಸ್‌ಕ್ಯೂಎಲ್‌ನಿಂದ. "ಮೂರು ವರ್ಷದಿಂದ ಯಾರೂ ಒಯ್ಯದ ಪುಸ್ತಕ ಯಾವುವು?" ಎಂಬುದು ನನಗೆ ಉಪಯೋಗಕ್ಕೆ ಬಂದ ಮೊದಲ ಪ್ರಶ್ನೆ. ಏಳೆಂಟು ಸಾಲಿನಲ್ಲಿ ಉತ್ತರ ಬಂತು. ಗ್ರಂಥಾಲಯದಲ್ಲಿ ಕಲಿತ ಈ ಎಸ್‌ಕ್ಯೂಎಲ್ ಬ್ಯಾಂಕು, ಆಸ್ಪತ್ರೆ, ಕಾರ್ಖಾನೆ ಎಲ್ಲಿ ಹೋದರೂ ನಡೆಯುತ್ತದೆ.

ಮೂರನೆಯದು ಪೈಥಾನ್. ಒಂದೇ ಕೆಲಸವನ್ನು ಸಾವಿರ ಸಲ ಮಾಡಬೇಕಾದಾಗ ಅದು ಬೇಕು. ಮಾರ್ಕ್ ದಾಖಲೆಗಳನ್ನು ಓದಲು ಪೈಮಾರ್ಕ್ ಎಂಬ ಸಿದ್ಧ ಸಾಧನವೂ ಅದರಲ್ಲಿದೆ. ಬರೆದ ಕೋಡಿನ ಹಳೆಯ ಪ್ರತಿಗಳು ಕಳೆಯದಂತೆ ಇಡಲು ಗಿಟ್ ಕಲಿಯಿರಿ.

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಗ್ರಂಥಾಲಯ ತಂತ್ರಾಂಶದಲ್ಲೇ ಇರುವವರು ಲಿನಕ್ಸ್ ಕಲಿಯಬೇಕು. ಕೋಹಾ ಒಳಗೆ ಕೈ ಹಾಕುವವರಿಗೆ ಪರ್ಲ್ ಬೇಕು, ಡಿಸ್ಪೇಸ್ ಕೆಲಸಕ್ಕೆ ಜಾವಾ ಬೇಕು. ಡೇಟಾ ಕೆಲಸಕ್ಕೆ ಹೋಗುವವರು ಎಸ್‌ಕ್ಯೂಎಲ್, ಪೈಥಾನ್‌ಗಳನ್ನೇ ಆಳವಾಗಿ ಕಲಿಯಲಿ. ವೆಬ್‌ಸೈಟ್ ಕಟ್ಟುವವರಿಗೆ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್. ಯಾವ ಕವಲು ಎಂದು ತಿಳಿಯದಿದ್ದರೆ ನಿಮಗೆ ಒಪ್ಪುವಂಥ 20 ಉದ್ಯೋಗ ಜಾಹೀರಾತು ಓದಿ. ಯಾವ ಕೌಶಲ ಎಷ್ಟು ಸಲ ಕೇಳಿದ್ದಾರೆ ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಣಿಸಿ. ಆಮೇಲೆ ಒಂದನ್ನು ಹಿಡಿದು ಆರು ತಿಂಗಳು ಬಿಡಬೇಡಿ. ಮೂರನ್ನೂ ಒಟ್ಟಿಗೆ ಹಿಡಿದರೆ ಒಂದೂ ಕೈಗೆ ಹತ್ತುವುದಿಲ್ಲ.

ತಂದೆ ತಾಯಂದಿರಿಗೂ ಒಂದು ಮಾತು. ಕೆಲಸ ಖಾತ್ರಿ ಎಂದು ಹೇಳುವ ಕೋರ್ಸಿಗೆ ಹೊಲ ಒತ್ತೆ ಇಟ್ಟು ಲಕ್ಷಗಟ್ಟಲೆ ಕೊಡಬೇಡಿ. ನಾನು ಮೇಲೆ ಹೇಳಿದ್ದನ್ನೆಲ್ಲ ಬಿಟ್ಟಿಯಾಗಿ ಕಲಿಯಬಹುದು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕೆಲವು ಪಾಠಗಳು ಕನ್ನಡದಲ್ಲೂ ಇವೆ. ಖರ್ಚು ಬರುವುದು ಒಂದು ಲ್ಯಾಪ್‌ಟಾಪಿಗೆ. ಹಳೆಯದಾದರೂ ನಡೆಯುತ್ತದೆ. ಆದರೆ ಸಮಯ ಕೊಡಬೇಕು. ನನಗೆ ದಿನಾ ಬೆಳಗ್ಗೆ ಎರಡು ತಾಸಿನಂತೆ ಒಂದೂವರೆ ವರ್ಷ ಹಿಡಿಯಿತು. ಹುಬ್ಬಳ್ಳಿಯಲ್ಲಿ ಸಿಕ್ಕ ಮೊದಲ ಕೆಲಸದ ಪಗಾರ ಕಾಲೇಜಿನಷ್ಟೇ ಇತ್ತು, ಹನ್ನೆರಡು ತಿಂಗಳೂ ಬಂತು ಎಂಬುದೇ ಹೆಚ್ಚಳ. ಸಂದರ್ಶನದಲ್ಲಿ ಅವರು ನನ್ನ ಮುಂದೆ ಇಟ್ಟದ್ದು ತಪ್ಪು ಹೆಸರುಗಳು ತುಂಬಿದ ಗಿರಾಕಿಗಳ ಪಟ್ಟಿ. ಎಂಟು ವರ್ಷ ನಾನು ಮಾಡಿದ್ದೇ ಆ ಕೆಲಸ. ಅದಕ್ಕೇ ಹೇಳುತ್ತೇನೆ, ಇರುವ ಕೆಲಸ ಬಿಟ್ಟು ಕಲಿಯಲು ಕೂಡಬೇಡಿ. ಕೆಲಸದಲ್ಲಿ ಇದ್ದುಕೊಂಡೇ ಕಲಿಯಿರಿ.

ಈಗ ಎಐ ತಾನೇ ಕೋಡ್ ಬರೆಯುತ್ತದಲ್ಲ, ಕಲಿತು ಏನು ಮಾಡುವುದು ಎಂದು ಮಕ್ಕಳು ಕೇಳುತ್ತಾರೆ. ಬರೆಯುತ್ತದೆ, ನಿಜ. ಬರೆದದ್ದು ಸರಿಯೋ ತಪ್ಪೋ ನೋಡುವವರು ಬೇಕು. "ಕಳಸ" ಎಲ್ಲಿ ಬರಬೇಕು, "ಕವನ" ಎಲ್ಲಿ ಬರಬೇಕು ಎಂದು ಗೊತ್ತಿಲ್ಲದವರು ಏನನ್ನು ಪರೀಕ್ಷಿಸುತ್ತಾರೆ? ಆ ತಿಳಿವಳಿಕೆಗೆ ಇನ್ನೂ ಬೆಲೆ ಇದೆ.

ಕೊನೆಯದಾಗಿ ಒಂದು ಕೋರಿಕೆ. ನಮ್ಮ ಶಾಲೆಯ ಕಪಾಟುಗಳಲ್ಲಿ 50 ವರ್ಷದ ಪುಸ್ತಕಗಳಿವೆ, ಅವುಗಳ ಪಟ್ಟಿ ಕೈಬರಹದ ರಿಜಿಸ್ಟರಿನಲ್ಲಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅವನ್ನು ಅರಿವು ಕೇಂದ್ರ ಎನ್ನುತ್ತೇವೆ. ಹಲವು ಕಡೆ ಅಲ್ಲಿ ಕಂಪ್ಯೂಟರ್ ಕೂಡ ಇದೆ. ಶಾಲೆಯ ಪಟ್ಟಿಯನ್ನೂ ಅರಿವು ಕೇಂದ್ರದ ಪಟ್ಟಿಯನ್ನೂ ಕನ್ನಡ ಯೂನಿಕೋಡಿನಲ್ಲಿ ಕೂಡಿಸಿದರೆ ಯಾವ ಪುಸ್ತಕ ಎಲ್ಲಿದೆ ಎಂದು ಊರಿಗೆಲ್ಲ ತಿಳಿಯುತ್ತದೆ. ಗ್ರಂಥಾಲಯ ವಿಜ್ಞಾನ ಓದಿ ಮನೆಯಲ್ಲಿರುವ ತಮ್ಮ ತಂಗಿಯರಿಗೆ ಇದೇ ಮೊದಲ ಅಭ್ಯಾಸದ ಕೆಲಸವಾಗಲಿ. ಸಂದರ್ಶನದಲ್ಲಿ "ನೀವು ಏನು ಮಾಡಿದ್ದೀರಿ?" ಎಂದು ಕೇಳಿದಾಗ ತೋರಿಸಲು ಒಂದು ನಿಜವಾದ ಕೆಲಸ ಅವರ ಕೈಯಲ್ಲಿರುತ್ತದೆ. ಗುರುಗಳು ಒಪ್ಪಿದರೆ ತಿಂಗಳಿಗೆ ಎರಡು ಭಾನುವಾರ ನಾನು ಬರುತ್ತೇನೆ. ಎಂಟು, ಒಂಬತ್ತನೆಯ ತರಗತಿಯ ಮಕ್ಕಳೂ ಬರಲಿ, ಟೈಪ್ ಮಾಡುತ್ತಾ ಕಲಿಯಲಿ.